ಗಿಡ್ಡ ಕಾಲಿನ ಮೇಜೂ ಹುಟ್ಟುಪ್ರತಿಭೆಯೂ

ಬಸ್ಸಿನಲ್ಲಿ ಜನ ಏನೇನು ಮರೆತು ಇಳಿಯುತ್ತಾರೆಂಬುದನ್ನು ತಿಳಿಯಬೇಕಾದರೆ ಡಿಪೋದ ಹಿಂಬದಿಯ 'ಕಳೆದ ವಸ್ತುಗಳ ಕೋಣೆ'ಗೆ ಹೋಗಬೇಕು. ಒಂಟಿ ಚಪ್ಪಲಿ, ಊಟದ ಡಬ್ಬಿ, ಯಾರದೋ ಹಲ್ಲಿನ ಸೆಟ್ಟು, ಗಾಜು ಒಡೆದ ಮದುವೆ ಫೋಟೊ, ಮತ್ತೆ ಕೊಡೆಗಳು. ಕೊಡೆಗಳೆಂದರೆ ಒಂದೆರಡಲ್ಲ, ಗೋಡೆಯುದ್ದಕ್ಕೂ ತಲೆಕೆಳಗಾಗಿ ನೇತಾಡುವ ಬಾವಲಿಗಳ ಸಂಸಾರ. ಈ ಸಂಸಾರದ ಯಜಮಾನನನ್ನು ಡಿಪೋದವರೆಲ್ಲ ಕೊಡೆಯಣ್ಣ ಎನ್ನುತ್ತಿದ್ದರು. ಅವನಿಗೆ ಬೇರೆ ಹೆಸರೊಂದು ಇದ್ದೇ ಇತ್ತು. ಆ ಹೆಸರಿನಿಂದ ಯಾರೂ ಕರೆಯದಿದ್ದುದರಿಂದ ಅದೂ ಯಾವುದೋ ಬಸ್ಸಿನಲ್ಲಿ ಕಳೆದುಹೋದ ಹಾಗಾಗಿತ್ತು.

ಕೊಡೆಯಣ್ಣನ ಕೆಲಸವೇನೂ ಕಷ್ಟದ್ದಲ್ಲ. ಯಾರಾದರೂ ಕಿಟಕಿಯ ಬಳಿ ಬಂದು "ನನ್ನ ಕೊಡೆ" ಎಂದರೆ ಅವನು ಕನ್ನಡಕ ಏರಿಸಿ ಕೇಳುತ್ತಿದ್ದ:

"ಗುರುತು ಹೇಳಿ."

"ಕಪ್ಪು ಕೊಡೆ ಕಣ್ರೀ."

"ಇಲ್ಲಿರೋದೆಲ್ಲ ಕಪ್ಪೇ. ನಿಮ್ಮದಕ್ಕೆ ಮಾತ್ರ ಇರೋ ಗುರುತು ಹೇಳಿ."

ಆಗ ಅವರು ತಲೆ ಕೆರೆದುಕೊಂಡು, "ಒಂದು ಕಡ್ಡಿ ಮುರಿದಿದೆ, ದಾರ ಕಟ್ಟಿದೀನಿ" ಎನ್ನುತ್ತಿದ್ದರು. ಮನುಷ್ಯ ತನ್ನ ವಸ್ತುವಿನ ಅಂದವನ್ನು ನೆನಪಿಟ್ಟುಕೊಂಡಿರುವುದಿಲ್ಲ, ಅದರ ಊನವನ್ನು ಮರೆಯುವುದೂ ಇಲ್ಲ. ಇದು ಕೊಡೆಯಣ್ಣ ನೌಕರಿಯಲ್ಲಿ ಗಳಿಸಿದ ಒಂದೇ ಆಸ್ತಿ.

ಅವನಿಗೆ ಇದ್ದದ್ದು ಒಂದೇ ಆಸೆ. ಡಿಪೋದ ಹೊರಗೇಟಿನ ಪಕ್ಕದಲ್ಲಿ ಡ್ರೈವರು ಕಂಡಕ್ಟರುಗಳ ವಿಶ್ರಾಂತಿ ಕೋಣೆ, ಅಲ್ಲೊಂದು ಹಳೇ ಪೂಲ್ ಮೇಜು. ಹಸಿರು ಬಟ್ಟೆ ಅಲ್ಲಲ್ಲಿ ಬೋಳಾಗಿತ್ತು. ಎಡಗಡೆಯ ಹಿಂದಿನ ಕಾಲು ಗಿಡ್ಡ, ಅದರ ಕೆಳಗೆ ಟೈರಿನ ರಬ್ಬರ್ ತುಂಡೊಂದನ್ನು ತುರುಕಿದ್ದರು. ಆ ಮೇಜಿನ ಮೇಲೆ, ನಾಲ್ಕು ಜನ ನೋಡುತ್ತಿರುವಾಗ, ಕೋಲಿನಿಂದ ಹೊಡೆದ ಚೆಂಡು ಸದ್ದಿಲ್ಲದೆ ಮೇಜಿನಂಚಿನ ಬಲೆಗೆ, ಅಂದರೆ ಪಾಕೆಟ್ಟಿಗೆ, ಇಳಿಯಬೇಕು, ಯಾರಾದರೊಬ್ಬರು "ಭಲೇ" ಎನ್ನಬೇಕು. ಅಷ್ಟೇ. ಮನೆಯಲ್ಲಿ ಅವನಿಗೆ "ಗ್ಯಾಸ್ ಮುಗೀತು" ಎನ್ನುವವರಿದ್ದರು, ಕಚೇರಿಯಲ್ಲಿ "ಇದನ್ನ ಆಮೇಲೆ ನೋಡೋಣ" ಎನ್ನುವವರಿದ್ದರು. ಭಲೇ ಎನ್ನುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ.

ಹುಟ್ಟುವುದಾದರೂ ಹೇಗೆ? ವರ್ಷಗಟ್ಟಲೆಯಿಂದ ದಿನಾ ಊಟದ ಹೊತ್ತಿನಲ್ಲಿ ಅವನು ಆ ಮೇಜಿಗೆ ಬಗ್ಗುತ್ತಿದ್ದ, ದಿನಾ ಸೋಲುತ್ತಿದ್ದ. ಮನೆಗೆ ಹೋಗುವಾಗ ಕಂಕುಳಿನ ಕೊಡೆಯನ್ನೇ ಕೋಲು ಮಾಡಿಕೊಂಡು ಗಾಳಿಗೆ ಹೊಡೆಯುತ್ತಿದ್ದ. ಓಣಿಯ ನಾಯಿಗಳು ಅವನು ಬರುವಾಗ ರಸ್ತೆಯ ಆ ಬದಿಗೆ ಹೋಗುತ್ತಿದ್ದವು. ಅವನ ಚೆಂಡು ಪಾಕೆಟ್ಟಿನ ಅಂಚಿನವರೆಗೆ ಹೋಗಿ, ಬಾಗಿಲಲ್ಲಿ ಸಂಕೋಚಪಟ್ಟುಕೊಳ್ಳುವ ನೆಂಟನ ಹಾಗೆ ನಿಂತುಬಿಡುತ್ತಿತ್ತು. ಅದಕ್ಕೆ ಡಿಪೋದಲ್ಲಿ ಒಂದು ಕಾನೂನು. ಅಂಚಿನಲ್ಲಿ ನಿಂತ ಚೆಂಡಿಗೆ ಮುಂದಿನ ಬಸ್ಸು ಹೊರಡುವ ತನಕ ಗಡುವು. ಬಸ್ಸು ಗೇಟು ದಾಟುವಾಗ ನೆಲ ನಡುಗುತ್ತದೆ. ಆ ನಡುಕಕ್ಕೆ ಚೆಂಡು ಬಿದ್ದರೆ ಹೊಡೆದವನ ಲೆಕ್ಕಕ್ಕೆ. ಈ ಕಾನೂನು ಮಾಡಿದವಳು ಕಂಡಕ್ಟರಮ್ಮ. ಅವಳೇ ಕೊಡೆಯಣ್ಣನ ದಿನನಿತ್ಯದ ಎದುರಾಳಿ.

"ನಿನ್ನ ಮುಖ ನೋಡೋಕಾಗ್ದೇ ಮಾಡಿದ ಕಾನೂನು ಅಣ್ಣ ಇದು," ಎನ್ನುತ್ತಿದ್ದಳು. ಅವಳ ಚೆಂಡಿಗೆ ಯಾವ ಬಸ್ಸಿನ ಹಂಗೂ ಇರಲಿಲ್ಲ, ಹೊಡೆದರೆ ಇಳಿಯಿತು. ಅವಳು ಗೆದ್ದಾಗ ಡ್ರೈವರುಗಳು "ಇವತ್ತೂ ಅದೃಷ್ಟ ನಿಂದೇ" ಎನ್ನುತ್ತಿದ್ದರು. ದಿನಾ ಬರುವ ಅದೃಷ್ಟ ಅದೆಂಥದ್ದು ಎಂದು ಒಬ್ಬರೂ ಕೇಳಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಊರಿನ ಪೂಲ್ ಚಾಂಪಿಯನ್ನರೊಬ್ಬರು ಡಿಪೋಕ್ಕೆ ಬಂದರು. ಆಟವನ್ನೇ ವೃತ್ತಿ ಮಾಡಿಕೊಂಡವರು, ದೇಶ ವಿದೇಶ ಸುತ್ತಿದವರು, "ಕೋಲು ಹಿಡಿದೇ ಹುಟ್ಟಿದವರು" ಎಂದು ಪತ್ರಿಕೆಗಳು ಬರೆದಿದ್ದವು. ಕಾರು ಕೆಟ್ಟಿತ್ತೆಂದು ಹಿಂದಿನ ದಿನ ಬಸ್ಸು ಹತ್ತಿದವರು, ಕೋಲಿನ ಪೆಟ್ಟಿಗೆಯನ್ನು ಸೀಟಿನ ಕೆಳಗೇ ಬಿಟ್ಟು ಇಳಿದಿದ್ದರು. ಇಂಥ ದೊಡ್ಡವರು ಬಂದಿದ್ದಾರೆಂದು ಡಿಪೋ ಮ್ಯಾನೇಜರು ಖುದ್ದಾಗಿ ಕರೆದುಕೊಂಡು ಹೊರಟರು. ಕಳೆದ ವಸ್ತುಗಳ ಕೋಣೆಗೆ ಬೀಗ. ಕೊಡೆಯಣ್ಣನನ್ನು ಹುಡುಕಿಕೊಂಡು ಇಬ್ಬರೂ ಹೊರಗೇಟಿನ ಕಡೆ ಬಂದರು. ಕೊಡೆಯಣ್ಣ ವಿಶ್ರಾಂತಿ ಕೋಣೆಯಲ್ಲಿ ಮೇಜಿಗೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಕೋಲು ಎಳೆದಿದ್ದ.

"ಏಯ್! ಏನ್ರೀ ಇದು?"

ಮ್ಯಾನೇಜರ ಗುಡುಗು ಬೆನ್ನಿಗೆ ಬಿತ್ತು. ಕಚೇರಿ ಸಿಬ್ಬಂದಿ ಆ ಮೇಜಿನ ಹತ್ತಿರ ಸುಳಿಯಕೂಡದೆಂದು ಅವರದ್ದೇ ಆಜ್ಞೆ. ಕೊಡೆಯಣ್ಣ ಬೆಚ್ಚಿದ ರಭಸಕ್ಕೆ ಕೋಲು ಎಲ್ಲಿಗೋ ತಗುಲಿತು, ಬಲಗಾಲಿನ ಹೆಬ್ಬೆರಳು ರಬ್ಬರ್ ತುಂಡಿಗೆ ಬಡಿಯಿತು, ತುಂಡು ಹಾರಿ ಬೀರುವಿನ ಕೆಳಗೆ ಸೇರಿತು. ಅದೇ ಹೊತ್ತಿಗೆ ಬಸ್ಸೊಂದು ಗೇಟು ದಾಟಿ ಕೋಣೆಯೆಲ್ಲ ನಡುಗಿತು. ಮೇಜು ಗಿಡ್ಡ ಕಾಲಿನ ಕಡೆಗೆ ಕುಸಿಯಿತು. ಬಣ್ಣದ ಚೆಂಡುಗಳೆಲ್ಲ, ಸಂಜೆ ದೊಡ್ಡಿಗೆ ನುಗ್ಗುವ ಆಡುಗಳ ಹಾಗೆ, ಒಂದರ ಹಿಂದೊಂದು ಮೂಲೆಯ ಪಾಕೆಟ್ಟಿಗೆ ಇಳಿದವು. ಬಿಳಿ ಚೆಂಡು ಬಿದ್ದರೆ ಆಟ ತಪ್ಪು. ಅದು ಮಾತ್ರ ಕೋಲಿನ ತುದಿಗೆ ಉಜ್ಜಿ ಅವನೇ ಮೇಜಿನ ಮೇಲೆ ಮರೆತಿದ್ದ ಸೀಮೆಸುಣ್ಣದ ತುಂಡಿಗೆ ಒರಗಿ ಮರ್ಯಾದೆಯಾಗಿ ಹೊರಗೇ ಉಳಿಯಿತು.

ಮೇಜು ಕುಸಿದದ್ದನ್ನು ಚಾಂಪಿಯನ್ನರು ನೋಡಲಿಲ್ಲ. ವೃತ್ತಿಪರ ಆಟಗಾರನ ಕಣ್ಣು ಚೆಂಡು ಬಿಟ್ಟು ಬೇರೇನನ್ನೂ ಕಾಣುವುದಿಲ್ಲ. ಮ್ಯಾನೇಜರು ಚಾಂಪಿಯನ್ನರ ಮುಖ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ನೋಡಿದವಳು ಬೆಂಚಿನ ಮೇಲೆ ಕೂತಿದ್ದ ಕಂಡಕ್ಟರಮ್ಮ ಒಬ್ಬಳೇ.

"ಎಷ್ಟು ವರ್ಷದಿಂದ ಆಡ್ತಿದೀರಿ?" ಎಂದರು ಚಾಂಪಿಯನ್ನರು ಮುಂದೆ ಬಂದು.

ಕೊಡೆಯಣ್ಣ ಮ್ಯಾನೇಜರ ಹುಬ್ಬು ನೋಡಿದ.

"ನಾನಾ ಸಾರ್? ಇಲ್ಲ ಸಾರ್! ಮುಟ್ಟೇ ಇಲ್ಲ. ಧೂಳು ಒರೆಸೋಣ ಅಂತ ಬಂದೆ... ಇವತ್ತೇ ಮೊದಲು."

ಕಂಡಕ್ಟರಮ್ಮ ಬಾಯಿ ತೆರೆದಳು. ಕೊಡೆಯಣ್ಣ ಕಣ್ಣಲ್ಲೇ ಕೈಮುಗಿದ. ಅವಳು ಬಾಯಿ ಮುಚ್ಚಿ ಟಿಕೆಟ್ ಚೀಲವನ್ನು ಭುಜಕ್ಕೆ ಹಾಕಿಕೊಂಡು ಎದ್ದುಹೋದಳು.

"ಭಲೇ," ಎಂದರು ಚಾಂಪಿಯನ್ನರು. "ಹುಟ್ಟುಪ್ರತಿಭೆ!"

ಅಷ್ಟು ವರ್ಷ ಕಾದ ಮಾತು. ಅದು ಬಂದಾಗ ಕೊಡೆಯಣ್ಣನಿಗೆ ಹೆಬ್ಬೆರಳಿನ ನೋವಿನಲ್ಲಿ ಸರಿಯಾಗಿ ಕೇಳಿಸಲೂ ಇಲ್ಲ.

ಕುಂಟುತ್ತ ಹೋಗಿ ಬೀಗ ತೆಗೆದು ಕಿಟಕಿಯ ಹಿಂದೆ ಕೂತ. ಚಾಳಿ ಬಿಡುತ್ತದೆಯೇ? "ಗುರುತು ಹೇಳಿ," ಎಂದ. ಮ್ಯಾನೇಜರು ಹಲ್ಲು ಕಡಿದರು. ಚಾಂಪಿಯನ್ನರು ಮಾತ್ರ ಮೆಲ್ಲಗೆ ಹೇಳಿದರು: "ಹಿಡಿ ಹತ್ತಿರ ಒಂದು ಗುಂಡಿ ಇದೆ. ಹೆಬ್ಬೆರಳು ಕೂತು ಕೂತು ಮರ ಸವೆದದ್ದು." ಕೊಡೆಯಣ್ಣ ಪೆಟ್ಟಿಗೆ ತೆರೆದು ಮುಟ್ಟಿ ನೋಡಿದ. ಇತ್ತು. ಬೆರಳ ತುದಿ ಪೂರ್ತಿ ಹುದುಗುವಷ್ಟು ಆಳ.

ಸಂಜೆಯೊಳಗೆ ಸುದ್ದಿ ಅವನಿಗಿಂತ ಮುಂಚೆ ಮನೆ ಸೇರಿತ್ತು.

"ನಮ್ಮ ಕಡೆಯಿಂದ ಬಂದಿರೋದು," ಎಂದು ಅಮ್ಮ ಬಾಗಿಲಲ್ಲೇ ಸಾರುತ್ತಿದ್ದಳು. "ನಮ್ಮಣ್ಣ ಗೋಲಿ ಆಡಿದ್ರೆ ಊರಿನ ಹುಡುಗರೆಲ್ಲ ಅಳ್ತಾ ಮನೆಗೆ ಹೋಗ್ತಿದ್ರು. ಇವನಪ್ಪನ ಕಡೆ ಏನಿದೆ? ಕೀಲುನೋವು."

"ರೀ, ಕುಂಟ್ತಿದೀರಲ್ಲ?" ಎಂದಳು ಹೆಂಡತಿ.

"ಅದು ಸ್ಟೈಲಂತೆ," ಎಂದಿತು ಪಕ್ಕದ ಮನೆ.

"ಕೇಳಿಲ್ಲಿ, ನಿಜ ಏನಂದ್ರೆ..." ಎಂದು ಅವನು ಶುರುಮಾಡಿದ.

"ನೋಡಿ, ಎಷ್ಟು ನಾಚ್ಕೊಳ್ತಾರೆ!" ಎಂದರು ಎದುರು ಮನೆಯವರು. ನಿಜ ಗಂಟಲಿನಲ್ಲೇ ಮಡಿಸಿಕೊಂಡಿತು. ಅವನೂ ಅದನ್ನು ಅಷ್ಟೇನೂ ಬಲವಂತ ಮಾಡಿ ಹೊರಗೆಳೆಯಲಿಲ್ಲ. ಆ ದಿನ ಹೆಂಡತಿ ಅವನನ್ನು ಮೊದಲ ಬಾರಿಗೆ ನೋಡುವ ಹಾಗೆ ನೋಡಿದ್ದಳು. ಆ ನೋಟವನ್ನು ಕಳೆದುಕೊಂಡರೆ ಯಾವ ಕೋಣೆಯಲ್ಲಿ ಹೋಗಿ ಹುಡುಕುವುದು?

ಆದರೆ ಮರುದಿನದಿಂದ ಪೀಡೆ ಶುರುವಾಯಿತು. ಹುಟ್ಟುಪ್ರತಿಭೆಗೆ ಅಭ್ಯಾಸ ವಿಷ ಎಂದು ಯಾರೋ ಹೇಳಿದರು, ಎಲ್ಲರೂ ನಂಬಿದರು. ಅಮ್ಮ ಅವನ ಕೊಡೆಯನ್ನು ಕಿತ್ತು ಅಟ್ಟದ ಮೇಲೆ ಹಾಕಿದಳು. ಕೈ ಬೀಸಿ ನಡೆದರೆ "ಪ್ರತಿಭೆ ಚೆಲ್ಲೀತು" ಎಂದು ಹೆಂಡತಿ ಹಿಂದಿನಿಂದ ಕೂಗುತ್ತಿದ್ದಳು. ಪಕ್ಕದ ಮನೆಯ ಟ್ಯೂಷನ್ ಟೀಚರಿಗೆ ಇನ್ನೂ ದೊಡ್ಡ ಪೆಟ್ಟು. "ಬರೋದಿದ್ರೆ ತಾನಾಗೇ ಬರುತ್ತೆ" ಎಂದು ಓಣಿಯ ತಾಯಂದಿರು ಮಕ್ಕಳನ್ನು ಟ್ಯೂಷನ್ ಬಿಡಿಸಿಬಿಟ್ಟರು. ಟೀಚರು ಕಾಂಪೌಂಡಿನ ಮೇಲಿಂದಲೇ ಕೇಳಿದರು:

"ಏನಪ್ಪಾ, ಮಗ್ಗಿನೂ ಹುಟ್ಟುವಾಗ್ಲೇ ಕಲ್ತು ಬಂದ್ಯಾ? ನಾನೇ ಕಣೋ ಕಲಿಸಿದ್ದು, ಮಂಡಿ ಮೇಲೆ ನಿಲ್ಲಿಸಿ!"

ಡಿಪೋದಲ್ಲಿ ಮ್ಯಾನೇಜರು ವಿಶ್ರಾಂತಿ ಕೋಣೆಯ ಬಾಗಿಲಲ್ಲಿ ನಿಂತು ಭಾಷಣ ಮಾಡಿದರು. ಆ ಕೋಣೆಯ ಮೇಲೆ ಅವರಿಗೆ ಬಹಳ ದಿನಗಳಿಂದ ಕಣ್ಣು. ಅವರಿಗೊಂದು ಕೊಠಡಿ ಇತ್ತು. ದೊಡ್ಡ ಮನುಷ್ಯನಿಗೆ ಎರಡು ಬೇಕಾಗುತ್ತದೆ.

"ನಮ್ಮ ನೌಕರನೊಬ್ಬ ಮೇಜನ್ನ ಮುಟ್ಟದೇ ಚಾಂಪಿಯನ್ನರ ಬಾಯಲ್ಲಿ ಭಲೇ ಅನ್ನಿಸಿಕೊಂಡಿದಾನೆ. ಇದರಿಂದ ಏನು ಗೊತ್ತಾಗುತ್ತೆ? ಪ್ರತಿಭೆ ಇರೋರಿಗೆ ಮೇಜು ಬೇಕಿಲ್ಲ. ಪ್ರತಿಭೆ ಇಲ್ಲದೋರಿಗೆ ಮೇಜು ಕೊಟ್ಟು ಪ್ರಯೋಜನ ಇಲ್ಲ. ಹಾಗಾದ್ರೆ ಮೇಜು ಯಾರಿಗೆ?"

ಇಂಥ ತರ್ಕದಿಂದಲೇ ಲೋಕದಲ್ಲಿ ಶಾಲೆಗಳೂ ಆಸ್ಪತ್ರೆಗಳೂ ಮುಚ್ಚಿಹೋಗಿವೆ; ಒಂದು ಮೇಜು ಯಾವ ಲೆಕ್ಕ? ನಾಲ್ಕು ಜನ ಮೇಜನ್ನು ಹೊತ್ತು ಕಳೆದ ವಸ್ತುಗಳ ಕೋಣೆಗೆ ತಂದು, 'ವಾರಸುದಾರರಿಲ್ಲ' ಎಂಬ ಚೀಟಿ ಅಂಟಿಸಿದರು. ಮುಂದಿನ ಹರಾಜಿಗೆ ಹೋಗಬೇಕಾದ ಮಾಲು. ಕೊಡೆಯಣ್ಣ ಕೂರಲು ಜಾಗವಿಲ್ಲದೆ ಅದಕ್ಕೇ ಒರಗಿ ನಿಂತ. ಹಗಲೆಲ್ಲ ಕೈಗೆಟುಕುವಷ್ಟು ಹತ್ತಿರ ಇತ್ತು, ಕೋಲು ಹಿಂದಕ್ಕೆ ಎಳೆಯಲು ಒಂದು ಮೊಳ ಜಾಗವಿರಲಿಲ್ಲ.

ಕಂಡಕ್ಟರಮ್ಮ ಕಿಟಕಿಗೆ ಬಂದಳು.

"ಬಿಸಿಲಲ್ಲಿ ನಿಂತು ಜಗಳ ಆಡಿ ಬಂದು, ಒಂದು ಗಳಿಗೆ ಮನುಷ್ಯರ ಹಾಗೆ ಇರೋಕೆ ಅಂತ ಇದ್ದದ್ದು ಅದೊಂದೇ ಅಣ್ಣ. ನಾನು ಗೆದ್ರೆ ಅದೃಷ್ಟ. ನೀನು ಬೆಚ್ಚಿಬಿದ್ರೆ ಪ್ರತಿಭೆ. ಆಯ್ತು, ಇಟ್ಕೋ. ಮೇಜು ಯಾಕೆ ಕಿತ್ಕೊಂಡೆ?"

"ಅಕ್ಕ, ಹೇಳ್ತೀನಿ. ಎಲ್ಲಾ ಹೇಳ್ಬಿಡ್ತೀನಿ. ಶನಿವಾರ ಕ್ಲಬ್ಬಲ್ಲಿ ಚಾಂಪಿಯನ್ನರ ಜೊತೆ ನನ್ನ ಆಟ ಇಟ್ಟಿದಾರಲ್ಲ, ಅಲ್ಲೇ ಎಲ್ಲರ ಮುಂದೆ ಹೇಳ್ತೀನಿ."

"ಹೇಳ್ತೀಯ," ಎಂದಳು ಅವಳು. ಅದು ಪ್ರಶ್ನೆಯೂ ಅಲ್ಲ, ನಂಬಿಕೆಯೂ ಅಲ್ಲ.

ಶನಿವಾರ ದೊಡ್ಡವರ ಕ್ಲಬ್ಬಿನಲ್ಲಿ ಚಾಂಪಿಯನ್ನರ ಜೊತೆ ಪ್ರದರ್ಶನದ ಆಟ. ಕಾಲಿಟ್ಟರೆ ಕಣಕಾಲು ಮುಳುಗುವ ಜಮಖಾನ, ಕೆಮ್ಮಿದರೂ ಕ್ಷಮೆ ಕೇಳುವ ಜನ. ಹಿಂದಿನ ಸಾಲಿನಲ್ಲಿ ಅಮ್ಮ, ಹೆಂಡತಿ, ಟೀಚರು, ಸಮವಸ್ತ್ರದಲ್ಲೇ ಬಂದಿದ್ದ ಕಂಡಕ್ಟರಮ್ಮ. ಆಟಕ್ಕೆ ಮುಂಚೆ ಚಾಂಪಿಯನ್ನರು ಅವನನ್ನು ಕೈತೊಳೆಯುವ ಜಾಗಕ್ಕೆ ಕರೆದರು.

"ಒಂದು ಮಾತು. ಯಾರಿಗೂ ಹೇಳಿಲ್ಲ," ಎಂದರು ನಲ್ಲಿ ತಿರುಗಿಸುತ್ತ. "ನಮ್ಮ ಮನೇಲೇ ಮೇಜಿತ್ತು. ಎತ್ತರ ಸಾಲದೇ ಡಬ್ಬದ ಮೇಲೆ ನಿಂತು ಹೊಡೀತಿದ್ದೆ. ಮಣಿಕಟ್ಟು ಊದಿದ್ರೆ ಅಪ್ಪ ಬಿಸಿನೀರಲ್ಲಿ ಅದ್ದಿಸಿ ಮತ್ತೆ ನಿಲ್ಲಿಸ್ತಿದ್ರು. ಪೇಪರಿನವರು ಹುಟ್ಟುಪ್ರತಿಭೆ ಅಂದ್ರು, ಸುಮ್ಮನಿದ್ದೆ. ಆದ್ರೆ ಅಂಥದ್ದು ನಿಜವಾಗ್ಲೂ ಇದೆಯಾ ಅಂತ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತ ಜೀವ ಎಳೀತಿತ್ತು. ನಿಮ್ಮಲ್ಲಿ ನೋಡಿದೆ."

ಅವರ ಕಣ್ಣು ತುಂಬಿತ್ತು. ಕೊಡೆಯಣ್ಣ ಒಪ್ಪಿಕೊಳ್ಳಬೇಕೆಂದು ಬಾಯಿ ತೆರೆದವನು, "ಸೋಪು ಇಲ್ಲಿದೆ ಸಾರ್," ಎಂದ.

ಆಟ ಶುರುವಾಯಿತು. ಚಾಂಪಿಯನ್ನರು ಚೆಂಡುಗಳನ್ನು ಚದುರಿಸಿ ಹಿಂದೆ ಸರಿದರು. ಕೊಡೆಯಣ್ಣ ಬಗ್ಗಿದ, ಒಂದು ಕಣ್ಣು ಮುಚ್ಚಿದ, ಹೊಡೆದ. ಚೆಂಡು ನೆಟ್ಟಗೆ ಮೂಲೆಗೆ ಹೋಯಿತು. ಹೋಗಿ, ಅಂಚಿನಲ್ಲಿ ನಿಂತಿತು.

ಅವನು ಎರಡು ಹೆಜ್ಜೆ ಹಿಂದೆ ಸರಿದು, ಕೋಲನ್ನು ನೆಟ್ಟಗೆ ಊರಿ, ತಲೆಯನ್ನು ಕಿಟಕಿಯ ಕಡೆ ವಾಲಿಸಿ ನಿಂತ.

"ಧ್ಯಾನ," ಎಂದರು ಕ್ಲಬ್ಬಿನ ಅಧ್ಯಕ್ಷರು ಪಿಸುದನಿಯಲ್ಲಿ.

"ನಮ್ಮ ಡಿಪೋದಲ್ಲಿ ಎಲ್ಲರೂ ಹೀಗೇ ಏಕಾಗ್ರತೆ," ಎಂದರು ಮ್ಯಾನೇಜರು.

ಒಬ್ಬರು ಚಹಾದ ಲೋಟವನ್ನು ತುಟಿಗೆ ಇಟ್ಟವರು ಹಾಗೇ ಇಟ್ಟುಕೊಂಡು ಕೂತರು. ಚಹಾ ಆರಿತು. ಫ್ಯಾನು ತಿರುಗಿತು. ಕೊಡೆಯಣ್ಣ ಅಲುಗಲಿಲ್ಲ. ಕೊನೆಗೆ ಚಾಂಪಿಯನ್ನರೇ ಹತ್ತಿರ ಬಂದರು.

"ಏನು ಕಾಯ್ತಿದೀರಿ?"

"ಬಸ್ಸು ಸಾರ್."

"ಬಸ್ಸಾ?"

"ಮೂರನೇ ನಂಬರು. ಇಷ್ಟೊತ್ತಿಗೆ ಗೇಟು ದಾಟ್ಬೇಕಿತ್ತು. ಇವತ್ತು ಯಾಕೋ ಲೇಟು."

ಹಿಂದಿನ ಸಾಲಿನಲ್ಲಿ ಕಂಡಕ್ಟರಮ್ಮ ಬಾಯಿಗೆ ಟಿಕೆಟ್ ಚೀಲ ಒತ್ತಿಕೊಂಡಳು.

"ಬಸ್ಸು ಬಂದ್ರೆ ಏನಾಗುತ್ತೆ?"

"ಚೆಂಡು ಬೀಳುತ್ತೆ ಸಾರ್. ಬಿದ್ರೆ ನನ್ನ ಲೆಕ್ಕಕ್ಕೆ. ಅದೇ ಕಾನೂನ..." ಎಂದವನು ನಾಲಿಗೆ ಕಚ್ಚಿಕೊಂಡ. ಜಮಖಾನ ಕಂಡಿತು, ದೀಪದ ಗೊಂಚಲು ಕಂಡಿತು, ಎದುರಿಗೆ ಚಾಂಪಿಯನ್ನರ ಮುಖ ಕಂಡಿತು. ಇನ್ನು ಅಡಗಿಸಿ ಫಲವಿರಲಿಲ್ಲ. "ದಿನಾ ಆಡ್ತೀನಿ ಸಾರ್. ಊಟದ ಹೊತ್ತಲ್ಲಿ. ವರ್ಷಗಟ್ಟಲೆಯಿಂದ. ಒಂದು ದಿನಾನೂ ಗೆದ್ದಿಲ್ಲ. ಸುಳ್ಳು ಹೇಳ್ದೆ. ನಮಗೆ ಆ ಮೇಜು ಬೇಕು ಸಾರ್. ನನಗೆ ಬೇಕು."

ಅಧ್ಯಕ್ಷರು ಎದ್ದರು.

"ವಿನಯ! ಇಷ್ಟು ದೊಡ್ಡ ಪ್ರತಿಭೆಗೆ ಎಂಥಾ ವಿನಯ!"

ಚಪ್ಪಾಳೆಯೋ ಚಪ್ಪಾಳೆ. ಬಡವನ ಪ್ರತಿಭೆಯನ್ನು ಮೆಚ್ಚುವುದರಲ್ಲಿ ಒಂದು ಸುಖವಿದೆ; ಅದಕ್ಕಾಗಿ ಏನನ್ನೂ ಕೊಡಬೇಕಾಗಿಲ್ಲ. ಅವನು ಬಾಯಿಬಿಟ್ಟು ಕೇಳಿದ ಮೇಜಿನ ಮಾತು ಆ ಚಪ್ಪಾಳೆಯಲ್ಲಿ ಮುಳುಗಿತು. ಕೈಗೊಂದು ಹೊಳೆಯುವ ಬಹುಮಾನದ ಕಪ್ ಬಂತು. ಚಾಂಪಿಯನ್ನರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಗಾಳಿಪಟದ ದಾರ ಕಡಿದುಹೋದವರ ಹಾಗೆ ಸ್ವಲ್ಪ ಹೊತ್ತು ಮೇಲೆ ನೋಡಿ, ಕೋಲನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಟುಹೋದರು.

ಸೋಮವಾರ ಹರಾಜಿನ ಲಾರಿ ಬಂದಾಗ ಕೊಡೆಯಣ್ಣ ಕಿಟಕಿಯ ಒಳಗಿರಲಿಲ್ಲ. ಹೊರಗೆ ನಿಂತಿದ್ದ. ಒಳಗೆ ಮ್ಯಾನೇಜರಿದ್ದರು.

"ಏನ್ರೀ ಅಲ್ಲಿ ನಿಂತಿದೀರಿ?"

"ನನ್ನದೊಂದು ವಸ್ತು ಕಳೆದುಹೋಗಿದೆ ಸಾರ್. ಪೂಲ್ ಮೇಜು."

ಲಾರಿಯವರು ನಕ್ಕರು. ಮ್ಯಾನೇಜರಿಗೂ ತಮಾಷೆ ಅನ್ನಿಸಿತು. "ಓಹೋ! ಸರಿ, ಗುರುತು ಹೇಳಿ."

"ಎಡಗಡೆ ಹಿಂದಿನ ಕಾಲು ಗಿಡ್ಡ," ಎಂದ ಕೊಡೆಯಣ್ಣ. ಕಾಲಿನ ಹೆಬ್ಬೆರಳು ತಾನಾಗಿ ಮಡಚಿಕೊಂಡಿತು.

"ನಡುವಿನ ಪಾಕೆಟ್ಟಿನ ಬಲೆ ಹರಿದಿದೆ, ನನ್ನ ಹಳೇ ಚೀಲದ ದಾರದಲ್ಲಿ ಹೊಲಿದಿದೀನಿ," ಎಂದು ಹಿಂದಿನಿಂದ ಕಂಡಕ್ಟರಮ್ಮನ ದನಿ ಬಂತು.

"ಬಟ್ಟೆ ಮೇಲೆ ಚಹಾ ಕಲೆ. ನಂದೇ," ಎಂದ ಒಬ್ಬ ಡ್ರೈವರು.

"ಮರದ ಮೇಲೆ ಹಲ್ಲಿನ ಗುರುತಿದೆ. ಸೋತ ಸಿಟ್ಟಿಗೆ ಕಚ್ಚಿದ್ದೆ," ಎಂದ ಇನ್ನೊಬ್ಬ ನಾಚುತ್ತ.

ಮ್ಯಾನೇಜರು ಒಂದೊಂದನ್ನೇ ಬಗ್ಗಿ ನೋಡಿದರು. ಎಲ್ಲವೂ ಇದ್ದವು. ಗೋಡೆಯ ಮೇಲೆ 'ಗುರುತು ಹೇಳಿದವರಿಗೆ ವಸ್ತು ಕೊಡಲಾಗುವುದು' ಎಂಬ ಹಲಗೆ, ಅದರ ಕೆಳಗೆ ಅವರದೇ ಸಹಿ. ಅವರಿಗೆ ನಾಚಿಕೆಯೇನೂ ಆಗಲಿಲ್ಲ. ವಿಶ್ರಾಂತಿ ಕೋಣೆ ಹೇಗೂ ಸಿಕ್ಕಿತ್ತು, ಆಗಲೇ ಹೊಸ ಪರದೆ ಹಾಕಿಸಿದ್ದರು.

"ತಗೊಂಡು ಹೋಗಿ. ಡಿಪೋ ಒಳಗೆ ಮಾತ್ರ ಇಡಕೂಡದು."

ಎಲ್ಲಿ ಇಡುವುದು? ಹೊತ್ತು ಹೊತ್ತು ಕೊನೆಗೆ ಕೊಡೆಯಣ್ಣನ ಓಣಿಗೇ ತಂದರು. ಹೆಂಡತಿ ಬಾಗಿಲಲ್ಲಿ ನಿಂತು ಮೇಜನ್ನೂ ಮನೆಯನ್ನೂ ಅಳೆದಳು.

"ಮನೆಯೊಳಗೆ ಇದಿರಬೇಕು, ಇಲ್ಲಾ ನಾವಿರಬೇಕು. ನಮ್ಮಮ್ಮನ ಮಂಚಾನೇ ಇಷ್ಟು ದೊಡ್ಡದಿರಲಿಲ್ಲ ಕಣ್ರೀ!"

ಮೇಜು ಓಣಿಯಲ್ಲೇ ಉಳಿಯಿತು. ರಬ್ಬರ್ ತುಂಡು ಮ್ಯಾನೇಜರ ಹೊಸ ಕೊಠಡಿಯ ಬೀರುವಿನ ಕೆಳಗೆ ಸಿಕ್ಕಿಕೊಂಡಿತ್ತು. ಟ್ಯೂಷನ್ ಟೀಚರು ಒಳಗೆ ಹೋಗಿ ದಪ್ಪದೊಂದು ಗಣಿತದ ಗೈಡು ತಂದು, "ಓದೋರಂತೂ ಇಲ್ಲ, ಹೊರೋಕಾದ್ರೂ ಆಗಲಿ," ಎಂದು ಗಿಡ್ಡ ಕಾಲಿನ ಕೆಳಗೆ ತುರುಕಿದರು. ಮೋಡ ಕವಿದಿತ್ತು. ಹಲಗೆಯ ಮೇಲಿನ ಅದೇ ಕಾನೂನಿನಂತೆ ಡ್ರೈವರುಗಳು ಕಿಟಕಿಗೆ ಸಾಲುಗಟ್ಟಿ, "ಕಪ್ಪು ಕೊಡೆ, ಕಡ್ಡಿ ಮುರಿದಿದೆ" ಎಂದು ಗುರುತು ಹೇಳಿ ತಲೆಗೊಂದು ಬಿಡಿಸಿಕೊಂಡು ಬಂದಿದ್ದರು. ಮುರಿದ ಕಡ್ಡಿಯಿಲ್ಲದ ಕೊಡೆ ಆ ಕೋಣೆಯಲ್ಲಿ ಒಂದೂ ಇರಲಿಲ್ಲ. ಅವನ್ನೆಲ್ಲ ಒಂದಕ್ಕೊಂದು ಕಟ್ಟಿದಾಗ ಮೇಜಿನ ಮೇಲೊಂದು ಕರಿಯ ಚಪ್ಪರವಾಯಿತು.

ಸಂಜೆ ಚಾಂಪಿಯನ್ನರು ಡಿಪೋದಲ್ಲಿ ದಾರಿ ಕೇಳಿಕೊಂಡು ಓಣಿಗೆ ಬಂದರು. ಕೈಯಲ್ಲಿ ಕೋಲಿನ ಪೆಟ್ಟಿಗೆ.

"ಆವತ್ತಿನ ಹೊಡೆತ ಇನ್ನೊಂದ್ಸಲ ತೋರಿಸ್ತೀರಾ?"

ಕೊಡೆಯಣ್ಣ ಚೆಂಡುಗಳನ್ನು ಹರಡಿದ. ಕೋಲು ಮುಟ್ಟಲೇ ಇಲ್ಲ. ನೋವಿಲ್ಲದ ಎಡಗಾಲಿನಿಂದ ಗಣಿತದ ಗೈಡನ್ನು ಒದ್ದ. ಮೇಜು ಕುಸಿಯಿತು, ಚೆಂಡುಗಳು ಸಾಲಾಗಿ ಮೂಲೆಗೆ ಉರುಳಿ ಇಳಿದವು. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು.

"ಇಷ್ಟೇನಾ?"

"ಇಷ್ಟೇ ಸಾರ್. ತಪ್ಪಾಯ್ತು."

ಚಾಂಪಿಯನ್ನರು ಬಹಳ ಹೊತ್ತು ಆ ಮೂಲೆಯನ್ನೇ ನೋಡಿದರು. ಕಂಡಕ್ಟರಮ್ಮ ಸುಮ್ಮನಿರುವವಳಲ್ಲ.

"ನೆಲ ನಮ್ಮ ಕಡೆ ವಾಲಿದ್ದು ಅದೊಂದೇ ಸಲ ಸಾರ್. ಅದಕ್ಕೇ ಎಲ್ಲರಿಗೂ ಅಷ್ಟು ಆಶ್ಚರ್ಯ."

ಚಾಂಪಿಯನ್ನರು ಪೆಟ್ಟಿಗೆ ತೆರೆದು ಕೋಲು ತೆಗೆದರು. ಹಿಡಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು.

"ಕಾಲು ಸರಿಮಾಡಿ. ಆಡೋಣ."

ಟೀಚರು ಗೈಡಿನ ಧೂಳು ಕೊಡವಿ ಮತ್ತೆ ತುರುಕಿದರು. ಚಾಂಪಿಯನ್ನರು ಹೊಡೆದರು, ಬಿತ್ತು. ಹೊಡೆದರು, ಬಿತ್ತು. ಒಂದು ತಪ್ಪಿತು. ಕೊಡೆಯಣ್ಣನ ಸರದಿ. ಅವನು ಹೆಂಡತಿಯ ಕಡೆ ನೋಡಿದ. ಮೊದಲ ದಿನದ ನೋಟ ಅಲ್ಲಿರಲಿಲ್ಲ, ಆದರೆ ಅವಳು ಒಳಗೂ ಹೋಗಿರಲಿಲ್ಲ. ಬಗ್ಗಿದ, ಒಂದು ಕಣ್ಣು ಮುಚ್ಚಿದ, ಹೊಡೆದ. ಚೆಂಡು ಬೋಳು ಬಟ್ಟೆಯ ಮೇಲೆ ಉರುಳಿ, ಚಹಾ ಕಲೆ ದಾಟಿ, ಮೂಲೆಗೆ ಹೋಗಿ, ಅಂಚಿನಲ್ಲಿ ನಿಂತಿತು.

ಚಾಂಪಿಯನ್ನರು ತಮ್ಮ ಸರದಿಗೆಂದು ಬಗ್ಗಿದರು.

"ತಡೀರಿ!" ಎಂದು ಇಡೀ ಓಣಿ ಕೂಗಿತು.

ಅವರು ಬೆಚ್ಚಿ ನೆಟ್ಟಗಾದರು. ಆಮೇಲೆ ಬಸ್ಸಿನ ಕಾನೂನು ನೆನಪಾಯಿತು. ಕೋಲನ್ನು ಗೋಡೆಗೆ ಒರಗಿಸಿ ಕೊಡೆಯಣ್ಣನ ಪಕ್ಕದಲ್ಲಿ ಕೈಕಟ್ಟಿ ನಿಂತರು.

"ಯಾವ ನಂಬರು?" ಎಂದು ಪಿಸುಗುಟ್ಟಿದರು.

"ಮೂರನೇದು ಸಾರ್. ಈ ಓಣಿ ಬಾಯಲ್ಲೇ ತಿರುಗುತ್ತೆ."

"ಲೇಟಾ?"

"ಯಾವಾಗಲೂ."

ಕೊಡೆಗಳ ಮೇಲೆ ಮೊದಲ ಹನಿಗಳು ಬಿದ್ದವು. ಅಮ್ಮ, ಹೆಂಡತಿ, ಟೀಚರು, ಡ್ರೈವರುಗಳು ಎಲ್ಲರೂ ಆ ಕರಿಯ ಚಪ್ಪರದ ಕೆಳಗೆ ಒತ್ತೊತ್ತಾಗಿ ಸೇರಿ, ಓಣಿಯ ತಿರುವಿನ ಕಡೆ ಕಿವಿಕೊಟ್ಟು ನಿಂತರು. ಯಾರೂ ಮೇಜನ್ನು ಮುಟ್ಟಲಿಲ್ಲ. ಚೆಂಡು ಅಂಚಿನಲ್ಲಿ ನಿಂತೇ ಇತ್ತು.